ಕೆನಡಾದಲ್ಲಿ ಹೊಡೆದ ಬಾತನ್ನು ಅಮೆರಿಕದ ಮನೆಗೆ ತರುವುದು ಹೇಗೆ?

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಬೇಟೆಗಾರರು ನಾಯಿ, ಬಂದೂಕು, ಐಸ್ ಬಾಕ್ಸ್ ಹೇರಿಕೊಂಡು ಕೆನಡಾದ ಸಸ್ಕಾಚೆವಾನ್, ಮ್ಯಾನಿಟೋಬಾ ಕಡೆ ಹೊರಡುತ್ತಾರೆ. ಕೊಯ್ಲಾದ ಗೋಧಿ ಹೊಲಗಳಿಗೆ ಕಾಡುಬಾತು, ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿಯುವ ಕಾಲ ಅದು. ನಮ್ಮಲ್ಲಿ ಇದನ್ನು ಓದಿ ಹುಬ್ಬೇರಿಸುವವರೇ ಜಾಸ್ತಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಹೆಬ್ಬಾತನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆ ಸುಮ್ಮನೆ ಬಿಡುವುದಿಲ್ಲ, ಅಲ್ವಾ? ಕೆನಡಾದಲ್ಲಿ ಲೈಸೆನ್ಸ್ ಪಡೆದು, ಮಿತಿಯೊಳಗೆ ಹೊಡೆದರೆ ತಪ್ಪಲ್ಲ. ಆದರೆ ಹಕ್ಕಿ ಗಡಿ ದಾಟುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಹೊಲದಲ್ಲಲ್ಲ, ಅದನ್ನು ಸ್ವಚ್ಛ ಮಾಡುವ ಮೇಜಿನ ಮೇಲೆ.

ಮೊದಲು ಹೊರಡುವ ಮುಂಚಿನ ಕಾಗದಪತ್ರ. ಬಂದೂಕು ಒಯ್ಯುವವರು ಕೆನಡಾ ಗಡಿಯಲ್ಲಿ ಒಂದು ಘೋಷಣಾ ಫಾರಂ ತುಂಬಿ 25 ಕೆನಡಿಯನ್ ಡಾಲರ್ ಕಟ್ಟಬೇಕು. ಅದು 60 ದಿನ ನಡೆಯುತ್ತದೆ. ಎಚ್-1ಬಿ ವೀಸಾದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ವಾಪಸ್ ಬರುವಾಗ ಬಂದೂಕನ್ನು ಒಳಗೆ ತರಲು ಬಂದೂಕುಗಳ ಉಸ್ತುವಾರಿ ನೋಡುವ ಅಮೆರಿಕದ ಎಟಿಎಫ್ ಇಲಾಖೆ ಮಂಜೂರು ಮಾಡಿದ ‘6ಎನ್‌ಐಎ’ ಫಾರಂ ಕೈಯಲ್ಲಿರಬೇಕು. ಹೊರಟ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ.

ಇನ್ನು ಹಕ್ಕಿಯ ವಿಷಯ. ಪ್ರತಿ ಬಾತಿಗೂ ಪೂರ್ತಿ ಗರಿಗಳಿರುವ ಒಂದು ರೆಕ್ಕೆ ಅಂಟಿಕೊಂಡೇ ಇರಬೇಕು. ಗಡಿಯ ಅಧಿಕಾರಿಗೆ ಜಾತಿ ಗೊತ್ತಾಗುವುದು ಅದರಿಂದಲೇ. ಮಲ್ಲಾರ್ಡ್ ಎಂಬ ಬಾತಿನ ರೆಕ್ಕೆಯಲ್ಲಿ ಎರಡೂ ಕಡೆ ಬಿಳಿ ಅಂಚಿರುವ ನೀಲಿ ಪಟ್ಟಿ ಇರುತ್ತದೆ, ಗ್ಯಾಡ್‌ವಾಲ್‌ನದು ಬಿಳಿ ಮಚ್ಚೆ. ಒಟ್ಟು ಬಾತುಗಳ ಲೆಕ್ಕದೊಳಗೇ ಪಿನ್‌ಟೇಲ್‌ನಂಥ ಕೆಲವು ಜಾತಿಗೆ ಬೇರೆ ಮಿತಿ ಇರುತ್ತದೆ. (ಪಿನ್‌ಟೇಲ್ ಅಂದರೆ ನಮ್ಮ ಕೆರೆಗಳಿಗೂ ಚಳಿಗಾಲದಲ್ಲಿ ಬರುವ ಸೂಜಿಬಾಲದ ಬಾತು.) ರೆಕ್ಕೆ ಇಲ್ಲದ ಎದೆಮಾಂಸ ನೋಡಿ ಅದು ಯಾವ ಬಾತು ಅಂತ ಯಾರು ಹೇಳುತ್ತಾರೆ? ಹೊಸಬರು ಎಡವುವುದು ಇಲ್ಲೇ. ಸುಸ್ತಾಗಿದೆ ಅಂತ ಎದೆಮಾಂಸ ಮಾತ್ರ ಕೊಯ್ದು ಉಳಿದದ್ದನ್ನು ಎಸೆದುಬಿಡುತ್ತಾರೆ. ಎದೆ ಮಾತ್ರ ಸಾಕು ಅಂದರೂ ಒಂದು ಕಡೆಯ ಭುಜದ ಕೀಲು ಬಿಡಿಸಬೇಡಿ. ಮಾಂಸದ ಜೊತೆ ಆ ರೆಕ್ಕೆಯೂ ಬರಲಿ. ಬೇರೆ ಕವರಿನಲ್ಲಿ ರೆಕ್ಕೆ ಹಾಕಿಟ್ಟರೆ ಅದು ಲೆಕ್ಕಕ್ಕಿಲ್ಲ.

ಹಕ್ಕಿಜ್ವರ ಬಂದ ಮೇಲೆ ಕೆಲಸ ಇನ್ನೂ ಹೆಚ್ಚಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ತಂದ ನಿಯಮದ ಪ್ರಕಾರ ಕರುಳು, ತಲೆ, ಕತ್ತು, ಕಾಲು, ಚರ್ಮ, ಇನ್ನೊಂದು ರೆಕ್ಕೆ ಎಲ್ಲ ತೆಗೆದಿರಬೇಕು. ಮಾಂಸವನ್ನು ಕುಡಿಯುವ ನೀರಿನಲ್ಲಿ ತೊಳೆದು, ರಕ್ತ, ಮಣ್ಣು, ಹಿಕ್ಕೆ ಕಾಣದಂತೆ ಮಾಡಿ, ತಣ್ಣಗೆ ಅಥವಾ ಗಟ್ಟಿಯಾಗಿ ಫ್ರೀಜ್ ಮಾಡಿ, ಸೋರದ ಪ್ಲಾಸ್ಟಿಕ್ ಕವರ್, ಆಮೇಲೆ ಸೋರದ ಐಸ್ ಬಾಕ್ಸ್‌ನಲ್ಲಿಡಬೇಕು. ಚರ್ಮದಡಿಯ ಕೊಬ್ಬೇ ಬಾತಿನ ರುಚಿ ಅನ್ನುವವರಿಗೆ ಇದು ಸಂಕಟವೇ. ಅಂಥವರು ಆ ಹಕ್ಕಿಯನ್ನು ಕೆನಡಾದಲ್ಲೇ ಬೇಯಿಸಿ ತಿಂದು ಬರುವುದು ಒಳ್ಳೆಯದು. ಈ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಇಲಾಖೆಯ ವೆಬ್‌ಸೈಟ್ ನೋಡಿ. ಗೋಡೆಗೆ ತೂಗುಹಾಕಲು ಇಡೀ ಹಕ್ಕಿ ಬೇಕೆಂದರೆ ದಾರಿಯೇ ಬೇರೆ. ಅದಕ್ಕೆ ಆಮದು ಪರವಾನಗಿ ಬೇಕು, ಇಲ್ಲವೇ ಕೃಷಿ ಇಲಾಖೆ ಒಪ್ಪಿದ ಟ್ಯಾಕ್ಸಿಡರ್ಮಿ (ಸತ್ತ ಹಕ್ಕಿಯನ್ನು ಜೀವಂತದಂತೆ ಕಾಣಿಸುವಂತೆ ತುಂಬಿ ಕೊಡುವ) ಅಂಗಡಿಗೆ ನೇರವಾಗಿ ಹೋಗಬೇಕು.

ಫ್ರೀಜ್ ಮಾಡುವಾಗ ಎಲ್ಲವನ್ನೂ ಒಂದೇ ಕವರಿಗೆ ತುರುಕಬೇಡಿ. ಹತ್ತು ಬಾತು ಒಂದು ಇಟ್ಟಿಗೆಯಂತಾದರೆ ಎಣಿಸುವುದು ಹೇಗೆ? ಒಂದು ಕವರಿಗೆ ಒಂದೇ ಹಕ್ಕಿ, ರೆಕ್ಕೆ ಮೇಲೆ ಕಾಣುವಂತೆ. ಹೆಸರು, ವಿಳಾಸ, ಯಾವ ಜಾತಿಯದು ಎಷ್ಟು, ಹೊಡೆದ ದಿನಾಂಕ ಬರೆದ ಚೀಟಿಗೆ ಸಹಿ ಹಾಕಿ ಜೊತೆಗಿಡಿ.

ಸ್ನೇಹಿತರ ನಡುವಿನ ದಾಕ್ಷಿಣ್ಯ ಇಲ್ಲಿ ಬೇಡ. ‘ನಾನು ವಿಮಾನದಲ್ಲಿ ಹೋಗ್ತೀನಿ, ನನ್ನ ಬಾತು ನಿನ್ನ ಗಾಡೀಲಿ ತಗೊಂಡು ಬಾ ಮಾರಾಯ’ ಅಂದರೆ ಒಪ್ಪಬೇಡಿ. ಇನ್ನೊಬ್ಬರ ಹಕ್ಕಿಯನ್ನು ಅಮೆರಿಕದೊಳಗೆ ತರುವಂತಿಲ್ಲ, ಚೀಟಿ ಇದ್ದರೂ ಅಷ್ಟೇ. ಅವರವರ ಹಕ್ಕಿ ಅವರವರೇ ತರಬೇಕು.

ಗಡಿಯಲ್ಲಿ, ಅದು ನಾರ್ತ್ ಡಕೋಟಾ ರಾಜ್ಯದ ಪೋರ್ಟಲ್ ಊರಿನ ಗಡಿಠಾಣೆಯಾಗಲಿ ಪೆಂಬಿನಾದ್ದಾಗಲಿ, ಕೇಳುವ ಮೊದಲೇ ‘ಇಷ್ಟು ಬಾತು, ಇಷ್ಟು ಹೆಬ್ಬಾತು ಇದೆ’ ಅಂತ ಹೇಳಿಬಿಡಿ. ಲೈಸೆನ್ಸ್ ಡ್ಯಾಶ್‌ಬೋರ್ಡ್ ಮೇಲಿರಲಿ. ಐಸ್ ಬಾಕ್ಸ್ ಮೇಲೆ ಟೆಂಟು, ಬ್ಯಾಗು ಹೇರಬೇಡಿ. ತೆರೆದು ತೋರಿಸಬೇಕಾಗುತ್ತದೆ. ಅಧಿಕಾರಿ ಹೋಗಿ ಅಂದ ಮೇಲೂ ರೆಕ್ಕೆಗೆ ಚಾಕು ಹಾಕಬೇಡಿ. ಗಡಿಯಿಂದ ಮನೆವರೆಗಿನ ದಾರಿಯಲ್ಲೂ ಅದು ಹಕ್ಕಿಗೆ ಅಂಟಿಕೊಂಡೇ ಇರಬೇಕು. ಮನೆಗೆ ಬಂದು, ಶೂ ಬಿಚ್ಚಿ, ಅಡುಗೆಮನೆಗೆ ಹೋದ ಮೇಲೆ ಕತ್ತರಿಸಿ.