ಸೀಟು ಸಿಗುತ್ತಾ? ಕಟ್‌ಆಫ್ ಪಟ್ಟಿ ಓದುವ ಬಗೆ

ಸಿಇಟಿ ಫಲಿತಾಂಶ ಬಂದ ಮರುದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. "ಸರ್, ಮಗಳಿಗೆ ಒಂಬತ್ತು ಸಾವಿರದ ನಾನೂರನೇ ರ‍್ಯಾಂಕ್ ಬಂದಿದೆ. ಕಂಪ್ಯೂಟರ್ ಸೈನ್ಸ್ ಸಿಗುತ್ತಾ?" ಪಿಯು ಕಾಲೇಜಿನ ಗಣಿತ ಮೇಷ್ಟ್ರಿಗೆ ಇದು ಗೊತ್ತಿರಲೇಬೇಕು ಎಂಬುದು ಅವರ ಲೆಕ್ಕ. ಯಾವ ಕಾಲೇಜು, ಯಾವ ಪ್ರವರ್ಗ, ಎಷ್ಟನೇ ಸುತ್ತು ಎಂದು ತಿರುಗಿ ಕೇಳಿದರೆ, "ಅದೆಲ್ಲ ಬೇಡ ಸರ್, ಸುಮ್ಮನೆ ಒಂದು ಅಂದಾಜು ಹೇಳಿ" ಅನ್ನುತ್ತಾರೆ. ಆ ಸುಮ್ಮನೆ ಹೇಳಿದ ಅಂದಾಜು ನಂಬಿಕೊಂಡೇ ಪ್ರತಿ ವರ್ಷ ನಾಲ್ಕಾರು ಮಕ್ಕಳು ಕೈಗೆ ಬರಬಹುದಾಗಿದ್ದ ಸೀಟು ಕಳೆದುಕೊಳ್ಳುತ್ತಾರೆ. ಅಂದಾಜಿಗೂ ಒಂದು ಕ್ರಮವಿದೆ. ಒಂದು ಭಾನುವಾರ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇದ್ದರೆ ಮನೆಯಲ್ಲೇ ಮಾಡಬಹುದು.

ಮೊದಲು, ಸರಿಯಾದ ರ‍್ಯಾಂಕ್

ಫಲಿತಾಂಶದ ಹಾಳೆಯಲ್ಲಿ ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಎಂದು ಬೇರೆ ಬೇರೆ ರ‍್ಯಾಂಕ್ ಇರುತ್ತವೆ. ಎಂಜಿನಿಯರಿಂಗ್ ಸಾಲಿನದ್ದನ್ನು ಮಾತ್ರ ಬರೆದುಕೊಳ್ಳಿ. ಕೃಷಿಯ ರ‍್ಯಾಂಕ್ ಹಿಡಿದು ಊರಿಗೆಲ್ಲ ಪೇಡ ಹಂಚಿದ ಅಪ್ಪಂದಿರನ್ನು ನೋಡಿದ್ದೇನೆ.

ರ‍್ಯಾಂಕ್ ಬರುವ ಮೊದಲೇ ಅಂಕ ಹಾಕಿ ರ‍್ಯಾಂಕ್ ತೋರಿಸುವ ಆ್ಯಪ್‌ಗಳ ಸಹವಾಸ ಬೇಡ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಉಳಿದರ್ಧ 180 ಅಂಕಗಳ ಸಿಇಟಿ. ಈ ತಕ್ಕಡಿಯೇ ಆಗಾಗ ಅಲುಗಾಡುತ್ತದೆ. 2021ರಲ್ಲಿ ಪಿಯು ಪರೀಕ್ಷೆ ರದ್ದಾಗಿ ಸಿಇಟಿ ಒಂದರ ಮೇಲೆಯೇ ರ‍್ಯಾಂಕ್ ಕೊಟ್ಟರು. 2024ರಲ್ಲಿ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಹೀಗಿರುವಾಗ "ಹೋದ ವರ್ಷ 120 ಅಂಕಕ್ಕೆ ಇಷ್ಟು ಬಂದಿತ್ತು" ಎಂಬ ಮಾತಿಗೆ ಬೆಲೆ ಎಲ್ಲಿದೆ?

ಎರಡನೆಯದು, ನಿಮ್ಮ ಕಾಲಂಗಳು

ದಾಖಲೆ ಪರಿಶೀಲನೆಯಲ್ಲಿ ಒಪ್ಪಿಗೆಯಾದ ಮೀಸಲಾತಿ ಮಾತ್ರ ಲೆಕ್ಕಕ್ಕೆ. ಪ್ರಮಾಣಪತ್ರ "ಬರ್ತಾ ಇದೆ" ಅಂದರೆ ಇಲ್ಲ ಎಂದೇ ಅರ್ಥ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಒಳಮೀಸಲು ಇದೆ. ಎಷ್ಟೋ ಮಂದಿ ಇದನ್ನು ಅರ್ಜಿಯಲ್ಲಿ ಕೇಳುವುದೇ ಇಲ್ಲ.

ಮೂರನೆಯದು, ಪಟ್ಟಿಗಳು

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಿಂದ ಹಿಂದಿನ ಮೂರು ವರ್ಷದ ಕಟ್‌ಆಫ್ ಪಟ್ಟಿಗಳನ್ನು, ಎಲ್ಲ ಸುತ್ತಿನವನ್ನೂ ಇಳಿಸಿಕೊಳ್ಳಿ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಸೀಟುಗಳ ಪಟ್ಟಿ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಸ್ಕ್ರೀನ್‌ಶಾಟ್‌ಗೆ ವರ್ಷವೂ ಇರುವುದಿಲ್ಲ, ಸುತ್ತೂ ಇರುವುದಿಲ್ಲ, ಅಳಿಸಿಬಿಡಿ.

ನಾಲ್ಕನೆಯದು, ಓದುವುದು

ಎಲ್ಲರೂ ಎಡವುವುದು ಇಲ್ಲೇ.

ಕಟ್‌ಆಫ್ ಎಂದರೆ ಪಾಸು ಅಂಕವಲ್ಲ. ಆ ಕಾಲೇಜು, ಆ ವಿಭಾಗ, ಆ ಕಾಲಂನಲ್ಲಿ ಆ ಸುತ್ತಿನ ಕೊನೆಯ ಸೀಟು ಹಿಡಿದ ವಿದ್ಯಾರ್ಥಿಯ ರ‍್ಯಾಂಕ್, ಅಷ್ಟೇ. ಆ ಸೀಟು ಅಷ್ಟಕ್ಕೆ ನಿಂತದ್ದು ಅಂದು ಯಾರು ಯಾರು ಅದನ್ನು ಬಯಸಿದರು ಎಂಬುದರ ಮೇಲೆ. ಕಾಲೇಜು ಗೆರೆ ಎಳೆದು ನಿಲ್ಲಿಸಿದ್ದಲ್ಲ.

ಕಾಲಂಗಳನ್ನು ನೋಡಿ. ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಹೀಗೆ ಸಾಲು ಹೋಗುತ್ತದೆ. 2ಎ, 3ಬಿ ಎಂಬವು ಹಿಂದುಳಿದ ವರ್ಗಗಳ ಪ್ರವರ್ಗಗಳು. ಕೊನೆಯ ಅಕ್ಷರ 'ಜಿ' ಆದರೆ ಆ ಪ್ರವರ್ಗದ ಸಾಮಾನ್ಯ ಸೀಟು, 'ಕೆ' ಆದರೆ ಕನ್ನಡ ಮಾಧ್ಯಮ, 'ಆರ್' ಆದರೆ ಗ್ರಾಮೀಣ. ಜಿಎಂ, ಅಂದರೆ ಜನರಲ್ ಮೆರಿಟ್, ಯಾವ ಜಾತಿಯದ್ದೂ ಅಲ್ಲ, ಎಲ್ಲರಿಗೂ ತೆರೆದ ಕಾಲಂ. 3ಬಿ ಗ್ರಾಮೀಣ ವಿದ್ಯಾರ್ಥಿನಿ ಜಿಎಂ, 3ಬಿಜಿ, 3ಬಿಆರ್ ಹೀಗೆ ತನಗೆ ಸಲ್ಲುವ ಎಲ್ಲ ಕಾಲಂಗಳನ್ನೂ ನೋಡಬೇಕು. ತನ್ನ ಪ್ರವರ್ಗದ ಕಾಲಂ ಒಂದನ್ನೇ ನೋಡಿ ನಿರಾಶರಾಗುವವರು ಬಹಳ.

ಇನ್ನೊಂದು ಗೊಂದಲ ಸುರತ್ಕಲ್‌ನ ಎನ್‌ಐಟಿಗೂ ಪ್ರಯತ್ನಿಸುವವರದ್ದು. ಅಲ್ಲಿನ ಕೇಂದ್ರೀಯ ಕೌನ್ಸೆಲಿಂಗ್‌ನಲ್ಲಿ ಒಬಿಸಿ ಸೀಟಿನ ಎದುರು ಕಾಣುವುದು ಒಬಿಸಿಯೊಳಗಿನ ರ‍್ಯಾಂಕ್. ಸಿಇಟಿಯಲ್ಲಿ ಹಾಗಿಲ್ಲ, ಯಾವ ಕಾಲಂ ಆದರೂ ಅಲ್ಲಿರುವುದು ಎಲ್ಲರಿಗೂ ಒಂದೇ ಆದ ರ‍್ಯಾಂಕ್. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಲೆಕ್ಕ ಕೆಡುತ್ತದೆ.

ಈಗ ಸೀಟುಗಳ ಎಣಿಕೆ. ಕಲ್ಯಾಣ ಕರ್ನಾಟಕದ ಆಚೆಯ, ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಖಾಸಗಿ ಕಾಲೇಜೊಂದರ ವಿಭಾಗದಲ್ಲಿ 60 ಸೀಟು ಇವೆ ಅನ್ನಿ. ಸಿಇಟಿಗೆ ಬರುವುದು ಶೇ 45, ಅಂದರೆ 27. ಉಳಿದದ್ದರಲ್ಲಿ ಒಟ್ಟು ಸೀಟಿನ ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌–ಕೆ, ಶೇ 25 ಮ್ಯಾನೇಜ್‌ಮೆಂಟ್. ಆ 27ರಲ್ಲಿ 371(ಜೆ)ಗೆ ಶೇ 8 ತೆಗೆದರೆ 25 ಉಳಿದವು. ಅದರಲ್ಲಿ 3ಬಿಗೆ ಶೇ 5. ಲೆಕ್ಕ ಹಾಕಿ: ಒಂದು ಸೀಟು, ಮೇಲೆ ಕಾಲು. ಆ ಒಂದೂಕಾಲಿನಲ್ಲಿ ಗ್ರಾಮೀಣಕ್ಕೆ ಎಷ್ಟು ಸಿಕ್ಕೀತು? ಅದಕ್ಕೇ 3ಬಿಆರ್ ಕಾಲಂನಲ್ಲಿ ಬಹಳ ಕಡೆ ಬರೀ ಅಡ್ಡಗೆರೆ. ಅಡ್ಡಗೆರೆ ಎಂದರೆ ಸೀಟು ಖಾಲಿ ಉಳಿದಿದೆ ಎಂದಲ್ಲ.

ಒಂದೇ ಸೀಟಿರುವ ಕಾಲಂನ ಕಟ್‌ಆಫ್ ಒಬ್ಬ ಹುಡುಗನ ಮನಸ್ಸಿನ ಕಥೆ. ಅವನು ಬೇರೆ ಕಾಲೇಜು ಬಯಸಿದ್ದರೆ ಅಂಕಿ ಎಲ್ಲಿಗೋ ಹಾರುತ್ತಿತ್ತು. ಊಹೆಯ ಅಂಕಿ ತೆಗೆದುಕೊಳ್ಳೋಣ: ಮೂರು ವರ್ಷ 3ಬಿಜಿ 8,100, 15,600, 9,900 ಎಂದಿರಲಿ. ಅದೇ ವಿಭಾಗದ ಜಿಎಂ 7,600, 7,900, 8,300. ಜಿಎಂನಲ್ಲಿ ಹತ್ತರ ಹತ್ತಿರ ಸೀಟು ಇರುವುದರಿಂದ ಅದು ಮೆಲ್ಲಗೆ ಸರಿಯುತ್ತದೆ, 3ಬಿಜಿ ಕುಣಿಯುತ್ತದೆ. ಅಪ್ಪ ಸರಾಸರಿ ತೆಗೆಯುತ್ತಾರೆ, 11,200 ಬರುತ್ತದೆ. "ನಮ್ಮದು 9,400, ಪಕ್ಕಾ!" ಪಕ್ಕಾ ಏನೂ ಅಲ್ಲ. ಮೂರರಲ್ಲಿ ಒಂದು ವರ್ಷ ಅದೇ ರ‍್ಯಾಂಕಿಗೆ ಸೀಟು ಸಿಗುತ್ತಿರಲಿಲ್ಲ. ಕಟ್‌ಆಫ್‌ಗೆ ಸರಾಸರಿ ತೆಗೆಯಲೇಬೇಡಿ. ಬಿಗಿಯಾದ (ಅಂಕಿ ಅತಿ ಚಿಕ್ಕದಾದ) ವರ್ಷ ಯಾವುದು, ಸಡಿಲವಾದ (ಅತಿ ದೊಡ್ಡದಾದ) ವರ್ಷ ಯಾವುದು, ಎರಡೇ ಬರೆದುಕೊಳ್ಳಿ.

ಸುತ್ತುಗಳನ್ನೂ ಬೆರೆಸಬೇಡಿ. ಮೊದಲ ಸುತ್ತು ಯಾವಾಗಲೂ ಬಿಗಿ. ಆಮೇಲೆ ಐಐಟಿ, ಎನ್‌ಐಟಿ, ವೈದ್ಯಕೀಯ ಎಂದು ಕೆಲವರು ಎದ್ದು ಹೋಗುತ್ತಾರೆ, ಸಾಲು ಮುಂದೆ ಸರಿಯುತ್ತದೆ. ಪಕ್ಕದ ಮನೆ ಹುಡುಗನಿಗೆ 12,000ಕ್ಕೆ ಸಿಕ್ಕಿದ್ದು ಕೊನೆಯ ಸುತ್ತಿನಲ್ಲಿ ಎಂಬುದನ್ನು ಪಕ್ಕದ ಮನೆಯವರು ಹೇಳುವುದಿಲ್ಲ.

ಸೀಟೇ ಹೆಚ್ಚಾಗಿದ್ದರೆ ಹಳೆಯ ಅಂಕಿ ಹಾಗೆಯೇ ನಿಲ್ಲುವುದಿಲ್ಲ. 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರೀಯ ಮಂಡಳಿಯಾದ ಎಐಸಿಟಿಇ ಉತ್ತಮ ಕಾಲೇಜುಗಳ ಸೀಟುಗಳ ಮೇಲಿದ್ದ ಮಿತಿ ತೆಗೆದ ಮೇಲೆ ಕಂಪ್ಯೂಟರ್ ಸಂಬಂಧಿ ವಿಭಾಗಗಳು ಹಿಗ್ಗಿವೆ. ಎಲ್ಲಿ ಎಷ್ಟು ಸೀಟು ಎಂದು ತೋರಿಸುವ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ ತೆಗೆದು ಹಿಂದಿನದರ ಪಕ್ಕ ಇಟ್ಟು ನೋಡಿ. ಈ ವರ್ಷವೇ ಹುಟ್ಟಿದ ವಿಭಾಗಕ್ಕೆ ಹಳೆಯ ಕಟ್‌ಆಫ್ ಇರುವುದಿಲ್ಲ. ಅದೇ ಕಾಲೇಜಿನ ಇನ್ಫರ್ಮೇಷನ್ ಸೈನ್ಸ್ ಸಾಲನ್ನು ಆಸರೆಗೆ ಇಟ್ಟುಕೊಳ್ಳಿ.

ನಾನೇ ಎಡವಿದ್ದನ್ನೂ ಹೇಳಿಬಿಡುತ್ತೇನೆ. ಬಿಎಂಎಸ್, ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್‌ನಂಥ ಹಳೆಯ ಕಾಲೇಜುಗಳಲ್ಲಿ ಕೆಲವು ಸೀಟು ಅನುದಾನಿತ, ಕೆಲವು ಅನುದಾನರಹಿತ. ಶುಲ್ಕ ಬೇರೆ, ಕಟ್‌ಆಫ್ ಬೇರೆ. ಇಂಥದೇ ಒಂದು ಕಾಲೇಜಿನಲ್ಲಿ ತಮ್ಮನ ಮಗನಿಗೆ ಅನುದಾನರಹಿತ ಸಾಲಿನ ಅಂಕಿ ನೋಡಿ ಅನುದಾನಿತ ಸೀಟು ಬರುತ್ತದೆ ಎಂದು ಧೈರ್ಯ ಕೊಟ್ಟಿದ್ದೆ. ಬರಲಿಲ್ಲ. ತಮ್ಮನ ಹೆಂಡತಿ ಈಗಲೂ ನನ್ನ ಹತ್ತಿರ ಲೆಕ್ಕದ ಮಾತು ಎತ್ತುವುದಿಲ್ಲ.

ಐದನೆಯದು, ಮೂರು ಗುಂಪು

ಪ್ರತಿ ಆಯ್ಕೆಯ ಎದುರು 'ಸಿಗುತ್ತೆ', 'ಸಿಗಬಹುದು', 'ನೋಡೋಣ' ಎಂದು ಬರೆಯಿರಿ. ಮೂರು ವರ್ಷದಲ್ಲಿ ಅತಿ ಬಿಗಿಯಾದ ಮೊದಲ ಸುತ್ತಿಗಿಂತಲೂ ನಿಮ್ಮ ರ‍್ಯಾಂಕ್ ಐದರಲ್ಲೊಂದು ಪಾಲು ಒಳಗಿದ್ದರೆ 'ಸಿಗುತ್ತೆ'. ಬಿಗಿ ಅಂಕಿ 10,000 ಇದ್ದರೆ ನೀವು 8,000ದೊಳಗೆ ಇರಬೇಕು. ಅಲ್ಲಿಂದ ಅತಿ ಸಡಿಲವಾದ ಕೊನೆಯ ಸುತ್ತಿನವರೆಗೆ 'ಸಿಗಬಹುದು'. ಅದನ್ನೂ ದಾಟಿದ್ದು 'ನೋಡೋಣ'. ಒಂದೆರಡೇ ಸೀಟಿರುವ ಕಾಲಂ ನಂಬಿ ಯಾವುದನ್ನೂ 'ಸಿಗುತ್ತೆ' ಎಂದು ಬರೆಯಕೂಡದು. ಐದರಲ್ಲೊಂದು ಎಂಬುದು ನನ್ನ ಅಳತೆ. ನಿಮಗೆ ಧೈರ್ಯ ಹೆಚ್ಚಿದ್ದರೆ ಹತ್ತರಲ್ಲೊಂದು ಇಟ್ಟುಕೊಳ್ಳಿ, ಆಮೇಲೆ ನನಗೆ ಫೋನ್ ಮಾಡಬೇಡಿ.

ಆರ್‌ವಿಯಂಥ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಜಿಎಂನಲ್ಲಿ ನೂರರ ಲೆಕ್ಕದಲ್ಲೇ ಮುಗಿಯುತ್ತದೆ. ಒಂಬತ್ತು ಸಾವಿರದವರು ಅದನ್ನು ಬರೆದರೆ ತಪ್ಪೇನಿಲ್ಲ, 'ನೋಡೋಣ' ಗುಂಪಿಗೂ ಅದು ದೂರ ಅಷ್ಟೇ.

ಆರನೆಯದು, ಆಪ್ಷನ್ ಎಂಟ್ರಿ

ಬೇಕಾದ ಕಾಲೇಜು, ವಿಭಾಗಗಳ ಪಟ್ಟಿಯನ್ನು ದಾಖಲಿಸುವ ಹಂತ ಇದು. ಇಲ್ಲಿ ಗುಂಪು ಮರೆತುಬಿಡಿ. ಬರೆಯಬೇಕಾದ್ದು ಇಷ್ಟದ ಕ್ರಮದಲ್ಲಿ, ಸಿಗುವ ಕ್ರಮದಲ್ಲಿ ಅಲ್ಲ. ಹಂಚಿಕೆಯ ಯಂತ್ರ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾ ಬಂದು ಮೊದಲು ದಕ್ಕಿದ್ದಕ್ಕೆ ನಿಲ್ಲುತ್ತದೆ. ಮೇಲೆ ದೊಡ್ಡ ಆಸೆ ಬರೆದದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಸಿಗುವುದನ್ನೇ ಮೊದಲು ಬರೆದರೆ ಮಾತ್ರ ಒಳ್ಳೆಯದನ್ನು ನೀವೇ ಒದ್ದಂತೆ. ಗುಂಪು ಮಾಡಿದ್ದು ಪಟ್ಟಿಯ ಕೊನೆಯಲ್ಲಿ ಕನಿಷ್ಠ ಐದಾರು 'ಸಿಗುತ್ತೆ' ಇವೆಯೇ ಎಂದು ನೋಡಲಿಕ್ಕೆ. ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಸಂಖ್ಯೆ ತುಂಬಿಸಲು ಸೇರಿಸಬೇಡಿ, ಅದೇ ಬಂದು ಕೂರುತ್ತದೆ.

ಹಣ ತೆಗೆದುಕೊಂಡು ಪಟ್ಟಿ ಮಾಡಿಕೊಡುವವರು ಊರಿಗೊಬ್ಬರಿದ್ದಾರೆ. ಅಂಥ ಒಂದು ಪಟ್ಟಿಯನ್ನು ಹೋದ ಸಲ ನೋಡಿದೆ. ಹುಡುಗಿಯ ಅರ್ಜಿಯಲ್ಲಿ ಗ್ರಾಮೀಣ ಕೋಟಾ ಇದ್ದದ್ದೇ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ನಿಜವಾದ ಹಂಚಿಕೆಗೆ ಮುಂಚಿನ ಅಣಕು ಸೀಟು ಹಂಚಿಕೆ ಬಂದಾಗ ಅಳುವುದೂ ಬೇಡ, ಸಿಹಿ ಹಂಚುವುದೂ ಬೇಡ. ಆಮೇಲೆ ನಿಮ್ಮಂತೆಯೇ ಎಲ್ಲರೂ ಪಟ್ಟಿ ತಿದ್ದುತ್ತಾರೆ. ಅದನ್ನು ಒಂದು ಸುತ್ತಿನ ಸುದ್ದಿಯಂತೆ ಓದಿ, ನಿಮ್ಮ 'ಸಿಗುತ್ತೆ' ಗುಂಪಿನವೇ ಅಲ್ಲಿ ತಪ್ಪಿದ್ದರೆ ಕೆಳಗೆ ಇನ್ನು ನಾಲ್ಕು ಸೇರಿಸಿ.

ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಪಟ್ಟಿಯ ಪ್ರಿಂಟ್ ತೆಗೆಯಿರಿ. ಮಗ ಅಥವಾ ಮಗಳು ಕಾಲೇಜಿನ ಕೋಡ್, ವಿಭಾಗ ಎರಡನ್ನೂ ಗಟ್ಟಿಯಾಗಿ ಓದಲಿ, ಅಪ್ಪನೋ ಅಮ್ಮನೋ ನೋಟ್‌ಬುಕ್‌ನಲ್ಲಿ ಟಿಕ್ ಹಾಕಲಿ. ಕೋಡ್‌ನಲ್ಲಿ ಒಂದಂಕಿ ತಪ್ಪಿದರೆ ಊರೇ ಬದಲಾಗಿರುತ್ತದೆ.