ಹಿತ್ತಲಿಗೆ ಬಂದ ಬಣ್ಣದ ಹಕ್ಕಿ ಯಾವುದು? ಮಲೆನಾಡಿನಿಂದ ಅಮೆರಿಕಕ್ಕೆ ಹೊರಟವರಿಗೆ

ಏಪ್ರಿಲ್ ಕೊನೆ ವಾರ ಬಂತೆಂದರೆ ನನ್ನ ಫೋನಿಗೆ ಮಸುಕು ಫೋಟೋಗಳು ಬರಲು ಶುರುವಾಗುತ್ತವೆ. ಅಡುಗೆಮನೆ ಕಿಟಕಿಯ ಗಾಜಿನೊಳಗಿಂದ ತೆಗೆದದ್ದು, ಝೂಮ್ ಮಾಡಿ ಮಾಡಿ ಚುಕ್ಕೆ ಚುಕ್ಕೆ ಆದದ್ದು. ಕೆಳಗೆ ಒಂದೇ ಸಾಲು: "ಅಣ್ಣಾ, ಇದು ಎಂತ ಹಕ್ಕಿ?" ಕಳಿಸುವವರು ಹೆಚ್ಚಾಗಿ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಹೊಸದಾಗಿ ಅಮೆರಿಕಕ್ಕೆ ಹೋದವರು. ನಾನು ನಾರ್ತ್ ಕೆರೊಲಿನಾದ ರಾಲಿ ಹತ್ತಿರ ನೆಲೆಸಿ ಬಹಳ ವರ್ಷವಾಯಿತು. ಚಳಿಗಾಲಕ್ಕೆ ಮಾತ್ರ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದು ಕೂರುತ್ತೇನೆ. ಈಗಲೂ ಇಲ್ಲೇ ಇದ್ದೇನೆ, ಅಡಿಕೆ ಕೊಯ್ಲು ನಡೀತಾ ಇದೆ. ಜನವರಿಗೆ ಹೊರಡಲಿರುವ ಊರಿನ ಹುಡುಗರು ಕೇಳಿದರು ಅಂತ ಹೇಳಿದ್ದನ್ನೇ ಬರೆದಿಡುತ್ತಿದ್ದೇನೆ. ಬ್ಯಾಂಕು, ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಸಿಗುತ್ತಾರೆ, ನಾನು ಹೇಳುವುದು ಹಕ್ಕಿ ಗುರುತಿಸುವ ಬಗ್ಗೆ ಮಾತ್ರ.

ಬಣ್ಣವನ್ನು ಕೊನೆಗೆ ನೋಡಿ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಬಣ್ಣವೇ ಮೊದಲು ಕಣ್ಣಿಗೆ ಬೀಳುತ್ತೆ, ನಿಜ. ಆದರೆ "ಕೆಂಪು ಹಕ್ಕಿ ಬಂದಿದೆ" ಅಂತ ಯಾರಾದರೂ ಹೇಳಿದರೆ ನನಗೆ ಏನೂ ತಿಳಿಯುವುದಿಲ್ಲ. ಗಂಡು ಕಾರ್ಡಿನಲ್ ಮೈಯೆಲ್ಲ ಕೆಂಪು. ಹೌಸ್ ಫಿಂಚ್‌ಗೆ ತಲೆ, ಎದೆ ಕೆಂಪು. ಸಮ್ಮರ್ ಟ್ಯಾನೇಜರ್ ಅನ್ನುವ ಹಕ್ಕಿಯ ಗಂಡೂ ಕೆಂಪು. ಕೆಲವು ಮರಕುಟಿಗಗಳ ತಲೆಯೂ ಕೆಂಪು. ಬೆಳಕು ಕೈಕೊಟ್ಟರಂತೂ ಮುಗೀತು. ಇಂಡಿಗೋ ಬಂಟಿಂಗ್ ಅನ್ನುವ ಪುಟ್ಟ ಹಕ್ಕಿ ಬಿಸಿಲಲ್ಲಿ ಕಣ್ಣು ಕೋರೈಸುವ ನೀಲಿ, ಮೋಡದ ದಿನ ಬರೀ ಕಪ್ಪು. ಅದರ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯ ಒಳಗಿನ ಕಟ್ಟೋಣ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತೆ, ಅಷ್ಟೆ. ಬ್ಲೂ ಜೇ ಅನ್ನುವ ಇನ್ನೊಂದು ನೀಲಿ ಹಕ್ಕಿಯ ಕಥೆಯೂ ಅದೇ.

ಹಾಗಾದರೆ ಮೊದಲು ನೋಡಬೇಕಾದ್ದು ಗಾತ್ರ. ಇದಕ್ಕೆ ಅಳತೆಪಟ್ಟಿಯನ್ನು ನೀವು ಊರಿಂದಲೇ ತಗೊಂಡು ಹೋಗಬಹುದು. ಸೂರಕ್ಕಿ ಸುಮಾರು 10 ಸೆಂಟಿಮೀಟರ್, ಗುಬ್ಬಿ 15, ಪಿಕಳಾರ 20, ಗೊರವಂಕ 25ರ ಆಸುಪಾಸು, ಊರುಕಾಗೆ 40. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗಿನ ಲೆಕ್ಕ ಇದು. ಈ ಐದು ಹಕ್ಕಿಗಳನ್ನು ನೋಡದ ಮಲೆನಾಡಿನವರು ಯಾರಿದ್ದಾರೆ? ಅಲ್ಲಿ ಹೊಸ ಹಕ್ಕಿ ಕಂಡ ಕೂಡಲೇ "ಗುಬ್ಬಿಗಿಂತ ದೊಡ್ಡದು, ಪಿಕಳಾರದಷ್ಟಿದೆ" ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ. ಕಾರ್ಡಿನಲ್ ಪಿಕಳಾರಕ್ಕಿಂತ ಚೂರು ದೊಡ್ಡದು. ಬ್ಲೂ ಜೇ ಗೊರವಂಕಕ್ಕಿಂತ ಒಂದು ಕೈ ಹೆಚ್ಚು. ಗೋಲ್ಡ್‌ಫಿಂಚ್ ಗುಬ್ಬಿಗಿಂತ ಸಣ್ಣದು. ಅಂದಹಾಗೆ, ಅಲ್ಲಿಯ ಗುಬ್ಬಿ ನಮ್ಮ ಗುಬ್ಬಿಯೇ. 1850ರ ದಶಕದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟದ್ದು, ಈಗ ದೇಶದ ತುಂಬ ಇದೆ.

ಆಮೇಲೆ ಕೊಕ್ಕು. ದಪ್ಪಗೆ, ಮೊಟಕಾಗಿ ಇದ್ದರೆ ಅದು ಕಾಳು ಒಡೆದು ತಿನ್ನುವ ಹಕ್ಕಿ. ಸಪೂರವಾಗಿ ಚೂಪಾಗಿದ್ದರೆ ಹುಳಹುಪ್ಪಟೆ ಹೆಕ್ಕುವುದು. ಮೂರನೆಯದು, ಅದು ಏನು ಮಾಡ್ತಾ ಇದೆ ಅನ್ನುವುದು. ನೆಲದಲ್ಲಿ ಕುಪ್ಪಳಿಸುತ್ತಾ, ಕೊಂಬೆಯ ತುದಿಯಲ್ಲಿ ಕೂತು ಗಾಳಿಯಲ್ಲಿ ನೊಣ ಹಿಡಿಯುತ್ತಾ, ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಳ್ಳುತ್ತಾ? ನಾಲ್ಕನೆಯದು ತಿಂಗಳು. ಬಣ್ಣದ ಸರದಿ ಇವೆಲ್ಲ ಆದಮೇಲೆ.

ಹೊರಡುವ ಮೊದಲು ನಿಮ್ಮ ಹಿತ್ತಲಲ್ಲೇ ಒಂದು ಅಭ್ಯಾಸ ಮಾಡಿ ನೋಡಿ. ಮಲೆನಾಡಿನ ಹಿತ್ತಲಿಗೆ ಎರಡು ಜಾತಿಯ ಪಿಕಳಾರ ಬರುತ್ತವೆ. ಎರಡಕ್ಕೂ ಬಾಲದ ಬುಡದಲ್ಲಿ ಕೆಂಪು ಇದೆ. ಬಣ್ಣ ಮಾತ್ರ ನೋಡಿದವರಿಗೆ ಎರಡೂ ಒಂದೇ. ಒಂದರ ತಲೆಯ ಮೇಲೆ ನೆಟ್ಟಗೆ ನಿಂತ ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಸಣ್ಣ ಕೆಂಪು ಮಚ್ಚೆ, ಹೊಟ್ಟೆ ಬಿಳಿ. ಇನ್ನೊಂದಕ್ಕೆ ಜುಟ್ಟು ಗಿಡ್ಡ, ತಲೆ ಕಪ್ಪು, ಮೈ ಕಂದು. ಎದೆಯ ಗರಿಗಳಿಗೆ ತೆಳು ಅಂಚು ಇರುವುದರಿಂದ ಮೀನಿನ ಹುರುಪೆ ಥರ ಕಾಣುತ್ತೆ. ಇಷ್ಟನ್ನು ದೂರದಿಂದ, ದುರ್ಬೀನು ಇಲ್ಲದೆ ಹೇಳುವಂತಾದರೆ ನೀವು ತಯಾರು. ಅದು ಯಾಕೆ ಅಷ್ಟು ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಅಲ್ಲಿ ಹೋದಮೇಲೆ ಅಪರೂಪದ ಹಕ್ಕಿ ಹುಡುಕುತ್ತಾ ಕೂರಬೇಡಿ. ಮೊದಲು ಮನೆ ಹಿಂದೆ ದಿನಾ ಬರುವವರನ್ನು ಪರಿಚಯ ಮಾಡಿಕೊಳ್ಳಿ. ಪೂರ್ವ ಭಾಗದ ರಾಜ್ಯಗಳಲ್ಲಾದರೆ ಮೊದಲು ಕಾರ್ಡಿನಲ್. ಇಲಿನಾಯ್, ಇಂಡಿಯಾನಾ, ಕೆಂಟಕಿ, ಒಹಾಯೋ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ನಮ್ಮ ನಾರ್ತ್ ಕೆರೊಲಿನಾ, ಏಳು ರಾಜ್ಯಗಳಿಗೆ ಇದೇ ರಾಜ್ಯಪಕ್ಷಿ. ಜುಟ್ಟು, ದಪ್ಪ ಕಿತ್ತಳೆಗೆಂಪು ಕೊಕ್ಕು, ಕೊಕ್ಕಿನ ಸುತ್ತ ಕಪ್ಪು. ವಲಸೆ ಹೋಗದ ಹಕ್ಕಿ, ಹಿಮ ಬಿದ್ದಾಗಲೂ ಇರುತ್ತೆ. ಹೆಣ್ಣು ಬೇರೆಯೇ ಹಕ್ಕಿ ಅನ್ನುವಷ್ಟು ಬೇರೆ: ತಿಳಿಗಂದು ಮೈ, ರೆಕ್ಕೆ ಬಾಲದಲ್ಲಿ ಅಲ್ಲಲ್ಲಿ ಕೆಂಪು. ಆದರೆ ಜುಟ್ಟು, ಕೊಕ್ಕು ಅದೇ. ಹೊಸಬರು "ಯಾವುದೋ ಕಂದು ಹಕ್ಕಿ" ಅಂತ ಕಳಿಸುವ ಫೋಟೋಗಳಲ್ಲಿ ಬಹಳಷ್ಟು ಇದೇ ಹೆಣ್ಣು ಕಾರ್ಡಿನಲ್. ಅದು ಹಾಡುತ್ತೆ ಕೂಡ. ಅಲ್ಲಿಯ ಹಿತ್ತಲ ಹಕ್ಕಿಗಳಲ್ಲಿ ಹೆಣ್ಣು ಹಾಡುವುದು ಕಡಿಮೆ.

ವಸಂತದಲ್ಲಿ ಗಂಡು ಕಾರ್ಡಿನಲ್ ನಿಮ್ಮ ಕಿಟಕಿ ಗಾಜಿಗೆ, ಕಾರಿನ ಕನ್ನಡಿಗೆ ಬಂದು ಬಂದು ಕುಟ್ಟಬಹುದು. ಹೆದರಬೇಡಿ, ಅಪಶಕುನ ಅಂತ ಅಮ್ಮನಿಗೆ ಫೋನ್ ಮಾಡಲೂ ಬೇಡಿ. ಗಾಜಿನಲ್ಲಿ ಕಾಣುವ ತನ್ನನ್ನೇ ಎದುರಾಳಿ ಅಂದುಕೊಂಡು ಜಗಳಕ್ಕೆ ನಿಂತಿರುತ್ತೆ. ಗಾಜಿಗೆ ಹೊರಗಿನಿಂದ ಪೇಪರ್ ಅಂಟಿಸಿದರೆ ಸರಿಹೋಗುತ್ತೆ.

ಗೋಲ್ಡ್‌ಫಿಂಚ್ ಇನ್ನೊಂದು ಥರ ಮೋಸ ಮಾಡುತ್ತೆ. ಬೇಸಿಗೆಯಲ್ಲಿ ಗಂಡು ನಿಂಬೆಹಳದಿ, ಕಪ್ಪು ಟೊಪ್ಪಿ, ಕಪ್ಪು ರೆಕ್ಕೆ. ಚಳಿಗಾಲಕ್ಕೆ ಗರಿ ಬದಲಿಸಿ ಮಾಸಲು ಬಣ್ಣಕ್ಕೆ ಇಳಿಯುತ್ತೆ. ಡಿಸೆಂಬರಿನಲ್ಲಿ ಹೋಗಿ ಸೇರಿದವರು ಇದನ್ನು ಗುಬ್ಬಿ ಅಂತ ಬಿಟ್ಟುಬಿಡುತ್ತಾರೆ. ಏಪ್ರಿಲ್‌ನಲ್ಲಿ "ಹೊಸ ಹಳದಿ ಹಕ್ಕಿ ಬಂದಿದೆ" ಅನ್ನುತ್ತಾರೆ. ಹೊಸದಲ್ಲ, ಅದೇ ಹಕ್ಕಿ. ಇದಕ್ಕೆ ಪ್ರೀತಿಯ ತಿಂಡಿ ಅಂಗಡಿಯಲ್ಲಿ ನೈಜರ್ ಹೆಸರಲ್ಲಿ ಸಿಗುವ ಸಣ್ಣ ಕಪ್ಪು ಕಾಳು. ಕೈಯಲ್ಲಿ ಹಿಡಿದು ನೋಡಿ, ನಮ್ಮ ಹುಚ್ಚೆಳ್ಳು! ಇಥಿಯೋಪಿಯಾದಿಂದ, ನಮ್ಮ ದೇಶದಿಂದ ಹೋಗುವ ಮಾಲು. ಅಲ್ಲಿ ಮೊಳೆತು ಕಳೆಯಾಗಬಾರದು ಅಂತ ಬಿಸಿ ಮಾಡಿ ಮಾರುತ್ತಾರೆ. ಹಕ್ಕಿಗೆ ಅಂತ ಕಟ್ಟಿದ್ದು, ಅದನ್ನು ತಂದು ಚಟ್ನಿಪುಡಿ ಮಾಡಲು ಹೋಗಬೇಡಿ.

ಇನ್ನು ತಿಂಗಳ ವಿಷಯ. ಇದು ನನಗೆ ತುಂಬ ಇಷ್ಟದ ಭಾಗ. ಏಪ್ರಿಲ್ ಕೊನೆಯಿಂದ ಮೇ ಮಧ್ಯದ ತನಕ ದಕ್ಷಿಣದಿಂದ ಉತ್ತರಕ್ಕೆ ವಲಸೆ ಹಕ್ಕಿಗಳು ರಾತ್ರಿ ಹೊತ್ತು ಹಾರುತ್ತವೆ. ಬೆಳಿಗ್ಗೆ ಎಲ್ಲಿ ಮರ, ತಿಂಡಿ ಕಂಡಿತೋ ಅಲ್ಲಿ ಇಳಿಯುತ್ತವೆ. ಒಂದು ದಿನ, ಎರಡು ದಿನ, ಆಮೇಲೆ ಇಲ್ಲ. ಹಕ್ಕಿಗಳಿಗೆ ಕಾಳು ತುಂಬಿಡುವ ನಿಮ್ಮ ಮನೆ ಫೀಡರಿನಲ್ಲಿ ಒಂದು ಬೆಳಿಗ್ಗೆ ಇಂಥದ್ದು ಕಾಣುತ್ತೆ ಅಂತಿಟ್ಟುಕೊಳ್ಳಿ: ಪಿಕಳಾರದ ಗಾತ್ರ, ಮೈ ಸ್ವಲ್ಪ ಗುಂಡಗೆ. ಕೊಕ್ಕು ತುಂಬ ದಪ್ಪ, ಮಾಸಲು ಬಿಳಿ. ಅಂದರೆ ಕಾಳು ಒಡೆಯುವ ಪೈಕಿ. ಕೂತಲ್ಲೇ ಕೂತು ಸೂರ್ಯಕಾಂತಿ ಬೀಜವನ್ನು ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಉದುರಿಸುತ್ತಿದೆ, ಗಡಿಬಿಡಿ ಇಲ್ಲ. ತಿಂಗಳು ಮೇ. ಈಗ ಬಣ್ಣ ನೋಡಿ: ತಲೆ, ಬೆನ್ನು ಕಪ್ಪು. ಹೊಟ್ಟೆ ಬಿಳಿ. ರೆಕ್ಕೆಯಲ್ಲಿ ಬಿಳಿ ಪಟ್ಟೆ. ಎದೆಯ ನಡುವೆ ಗುಲಾಬಿಗೆಂಪಿನ ತ್ರಿಕೋನ. ಇದು ರೋಸ್-ಬ್ರೆಸ್ಟೆಡ್ ಗ್ರೋಸ್‌ಬೀಕ್, ಗಂಡು. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲ ಕಳೆದು, ಮರಿ ಮಾಡಲು ಉತ್ತರಕ್ಕೆ ಹೊರಟಿರುವ ಪ್ರಯಾಣಿಕ. ಪಕ್ಕದಲ್ಲಿ ದೊಡ್ಡ ಗುಬ್ಬಿಯಂಥ, ಎದೆಯಲ್ಲಿ ಕಂದು ಗೀರು, ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬು ಇರುವ ಹಕ್ಕಿ ಕಂಡರೆ ಅದು ಇದರ ಹೆಣ್ಣು. ಕೊಕ್ಕು ನೋಡಿ, ಎರಡೂ ಒಂದೇ ಮನೆಯವು ಅಂತ ತಿಳಿಯುತ್ತೆ. ನಾನು ಬಣ್ಣ ಕೊನೆಗೆ ಅಂದದ್ದು ಇದಕ್ಕೇ. ಬಣ್ಣ ಮಾತ್ರ ಹಿಡಿದವರು ಹೆಣ್ಣನ್ನು ಯಾವತ್ತೂ ಗುರುತಿಸುವುದಿಲ್ಲ.

ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು 2014ರಲ್ಲಿ ತಂದದ್ದು, ದುಡ್ಡು ಕೊಡಬೇಕಾಗಿಲ್ಲ. ಅದು ಕೇಳುವ ಪ್ರಶ್ನೆಗಳೂ ಇವೇ: ಎಲ್ಲಿ, ಯಾವ ದಿನ, ಎಷ್ಟು ದೊಡ್ಡದು, ಏನು ಮಾಡ್ತಾ ಇತ್ತು, ಯಾವ ಬಣ್ಣ. 2021ರಿಂದ ಕೂಗು ಕೇಳಿಯೂ ಹೆಸರು ಹೇಳುತ್ತೆ. ಆದರೆ ಅದು ಹೇಳಿದ್ದನ್ನೇ ವೇದವಾಕ್ಯ ಮಾಡಬೇಡಿ. ಅಲ್ಲಿ ಮಾಕಿಂಗ್‌ಬರ್ಡ್ ಅಂತ ಒಂದು ಬೂದು ಹಕ್ಕಿ ಇದೆ, ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತೆ. ನಮ್ಮ ಕಾಡಿನಲ್ಲಿ ಉದ್ದ ಬಾಲದ ಕಾಜಾಣ ಮಾಡುವ ಕೆಲಸವೇ ಅದು. ಹೆಸರು ಬಂದಮೇಲೂ ಹಕ್ಕಿಯನ್ನು ಕಣ್ಣಾರೆ ಹುಡುಕಿ. ಕಿವಿ ನಿಮಗೆ ಇದ್ದೇ ಇದೆ. ಎಲೆ ಮರೆಯಲ್ಲಿರುವ ಕುಟ್ರು ಹಕ್ಕಿಯನ್ನು ನೋಡದೆಯೇ ಕೂಗಿನಿಂದ ಗುರುತಿಸಿ ಬೆಳೆದವರಲ್ವಾ ನಾವು?

ಫೀಡರ್ ಹಾಕುವ ಮೊದಲು ಬಾಡಿಗೆ ಕರಾರು, ಕಾಲೊನಿಯ ನಿಯಮ ಓದಿ. ಕೆಲವು ಕಡೆ ಬಿಡುವುದಿಲ್ಲ. ಕರಡಿ ಓಡಾಡುವ ಪ್ರದೇಶವಾದರೆ ವಸಂತದಿಂದ ಚಳಿ ಶುರುವಾಗುವ ತನಕ ಫೀಡರ್ ಇಳಿಸಿಡಬೇಕು. ಶುರುವಿಗೆ ಕಪ್ಪು ಸೂರ್ಯಕಾಂತಿ ಬೀಜ ಒಂದಿದ್ದರೆ ಸಾಕು. ಎರಡು ವಾರಕ್ಕೊಮ್ಮೆ ತೊಳೆದು ಒಣಗಿಸಿ. ಕೊಳಕು ಫೀಡರಿನಿಂದ ಹಕ್ಕಿಗಳಿಗೆ ರೋಗ ಹರಡುತ್ತೆ. ಪಿತೃಪಕ್ಷದಲ್ಲಿ ಡೆಕ್ (ಮನೆ ಹಿಂದಿನ ತೆರೆದ ಜಗಲಿ) ಮೇಲೆ ಅನ್ನದ ಉಂಡೆ ಇಟ್ಟು ಕಾಗೆಗೆ ಕಾಯುವವರನ್ನು ನೋಡಿದ್ದೇನೆ. ರಾತ್ರಿ ಬಂದದ್ದು ರಕೂನ್ ಅನ್ನುವ ಅಲ್ಲಿಯ ಕಾಡುಪ್ರಾಣಿ. ಭಕ್ತಿ ನಿಮ್ಮಿಷ್ಟ, ಉಳಿದದ್ದನ್ನು ಕತ್ತಲಾಗುವ ಮೊದಲು ಒಳಗೆ ತಗೊಳ್ಳಿ.

ಕೆಳಗೆ ಬಿದ್ದ ಚಂದದ ಗರಿಯನ್ನು ಮಕ್ಕಳು ಹೆಕ್ಕಿ ಪುಸ್ತಕದಲ್ಲಿ ಇಡುವುದು ನಮ್ಮಲ್ಲಿ ಮಾಮೂಲಿ. ಅಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಬಹುತೇಕ ಕಾಡುಹಕ್ಕಿಗಳ ಗರಿ, ಗೂಡು, ಮೊಟ್ಟೆ ಇಟ್ಟುಕೊಳ್ಳುವಂತಿಲ್ಲ. ತಾನಾಗಿ ಉದುರಿದ ಗರಿಗೂ ಇದೇ ನಿಯಮ. ಫೋಟೋ ತೆಗೆದು ಅಲ್ಲೇ ಬಿಡಿ.

ಕ್ಯಾಲಿಫೋರ್ನಿಯಾಗೆ ಹೋಗುವವರು ಮೇಲೆ ಹೇಳಿದ ಕಾರ್ಡಿನಲ್‌ಗಾಗಿ ಕಾಯಬೇಡಿ. ಪಶ್ಚಿಮ ಕರಾವಳಿಯ ಹಿತ್ತಲುಗಳ ಹಕ್ಕಿ ಅದಲ್ಲ. ಆದರೆ ಲಾಸ್ ಏಂಜಲೀಸ್ ಸುತ್ತಮುತ್ತ ಒಂದು ಮಜಾ ಇದೆ. ನೆಟ್ಟಗಿನ ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಮಚ್ಚೆ ಇರುವ ಹಕ್ಕಿಯೊಂದು ತಂತಿ ಮೇಲೆ ಕೂತಿರಬಹುದು. ಹೌದು, ಹೊರಡುವ ಮೊದಲು ಗುರುತಿಸಿ ಅಂದಿದ್ದ ನಿಮ್ಮ ಹಿತ್ತಲಿನ ಪಿಕಳಾರವೇ! ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ. ಫ್ಲಾರಿಡಾದ ಮಯಾಮಿ ಹತ್ತಿರ 1960ರಿಂದ ಇವೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಂತೂ ಸಾಮಾನ್ಯ. ಅಲ್ಲಿಯವರಿಗೆ ಅದು ಪರದೇಶದ ಬಣ್ಣದ ಹಕ್ಕಿ, ನೀವು ಅವರಿಗೆ ಹೆಸರು ಹೇಳಿಕೊಡಬಹುದು.

ನೀವು ಒಂದಿಷ್ಟು ಹಕ್ಕಿ ಕಲಿತಿರಿ ಅಂತ ಗೊತ್ತಾದರೆ ಊರಿನ ಹಕ್ಕಿಗಳ ಕೆಲಸವೂ ನಿಮ್ಮ ಹೆಗಲಿಗೇ ಬೀಳುತ್ತೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಅಮ್ಮ ಫೋನ್ ಮಾಡುತ್ತಾರೆ. "ಎಂತದೋ ಹಕ್ಕಿ ಬಂದಿದೆ ಕಣೋ, ಮೈ ತುಂಬ ಬಣ್ಣ!" ಆಗಲೂ ಬಣ್ಣ ಕೇಳಬೇಡಿ. "ನೆಲದಲ್ಲಾ, ಮರದಲ್ಲಾ ಅಮ್ಮ?" "ನೆಲದಲ್ಲೇ ಮಾರಾಯ, ಬಚ್ಚಲ ಹಿಂದೆ ದರಗೆಲೆ ಕೆದಕ್ತಾ ಇದೆ." "ಬಾಲ ಉದ್ದನಾ?" "ಬಾಲವೇ ಇಲ್ಲ ಅನ್ನು, ಮೋಟು." ಪಿಕಳಾರದ ಗಾತ್ರ, ಮೋಟು ಬಾಲ, ದರಗೆಲೆಯಲ್ಲಿ ಕುಪ್ಪಳಿಸುವುದು, ಮಳೆಗಾಲ ಮುಗಿದ ಹೊತ್ತು. ಇಷ್ಟಕ್ಕೇ ಗೊತ್ತಾಯಿತು, ನವರಂಗ. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಿಳಿ ಗಂಟಲು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಬಾಲದಡಿ ಕಡುಗೆಂಪು. ಇದನ್ನೆಲ್ಲ ಅಮ್ಮ ಆಮೇಲೆ ನೋಡಿ ಹೇಳಲಿ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತೆ. ಬೆಳಗಿನ ಜಾವ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತೆ. ನಮ್ಮ ತೋಟದ ಅಂಚಿನಲ್ಲಿ ಈಗ ದಿನಾ ಕೇಳುತ್ತಿದೆ.

ನವರಂಗವೂ ರಾತ್ರಿ ಪ್ರಯಾಣದ ಹಕ್ಕಿ. ದಣಿದು, ದೀಪಕ್ಕೆ ಕಂಗಾಲಾಗಿ ಜಗಲಿಯೊಳಗೆ, ಕೊಟ್ಟಿಗೆಯೊಳಗೆ ಬಂದು ಬೀಳುವುದುಂಟು. ಅಮ್ಮ ಹಾಗೆ ಹೇಳಿದರೆ ಮೊದಲು ಬೆಕ್ಕನ್ನು ಕೋಣೆಗೆ ಹಾಕಿಸಿ. ಹಕ್ಕಿಯನ್ನು ಬಟ್ಟೆಯಲ್ಲಿ ಮೆತ್ತಗೆ ಹಿಡಿದು, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಾಕಿ ಕತ್ತಲ ಜಾಗದಲ್ಲಿ ಇಟ್ಟಿರಲಿ. ಬಾಯಿಗೆ ನೀರು ಹಾಕುವುದು, ಅನ್ನ ತುರುಕುವುದು ಬೇಡವೇ ಬೇಡ. ಬೆಳಕಾದ ಮೇಲೆ ನೆರಳಿರುವ ಪೊದೆ ಬುಡದಲ್ಲಿ ಡಬ್ಬಿ ತೆರೆದಿಟ್ಟರೆ ತಾನೇ ಹೋಗುತ್ತೆ. ಹೋಗದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ ಹತ್ತಿರದ ಅರಣ್ಯ ಇಲಾಖೆಯವರಿಗೆ ತಿಳಿಸಲಿ. "ಚಂದ ಇದೆ, ನಾಲ್ಕು ದಿನ ಪಂಜರದಲ್ಲಿ ಇಟ್ಕೊಳ್ತೀನಿ" ಅಂತ ಅಪ್ಪ ಹೊರಟರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರು ಹೇಳಿ ಅಲ್ಲಿಂದಲೇ ಗದರಿಸಿ.