ಸುಮ್ಮನೆ ಮಲಗಿದ್ದ ಅಜ್ಜಿ

ನಾನು ಮೂಳೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಬಿದ್ದು ಸೊಂಟ ಮುರಿದುಕೊಂಡು ಬರುವ ಮುದುಕರೇ ನಮ್ಮಲ್ಲಿ ಹೆಚ್ಚು. ಆಪರೇಷನ್ ಆದ ರಾತ್ರಿ ಡ್ರಿಪ್ ಕಿತ್ತು ಹಾಕಿ, "ಎಮ್ಮೆ ಹಗ್ಗ ಬಿಚ್ಕೊಂಡು ಹೋಯ್ತು, ಹಿಡೀರೋ" ಎಂದು ಕೂಗುವ ತಾತ ಇಡೀ ವಾರ್ಡಿನ ಕಣ್ಣಿಗೆ ಬೀಳುತ್ತಾರೆ. ಹಳ್ಳಿಯವರು ಅದನ್ನು ಸನ್ನಿ ಅನ್ನುತ್ತಾರೆ, ಕೇಸ್ ಶೀಟಿನಲ್ಲಿ ಡೆಲಿರಿಯಂ.

ನಾನು ಎಡವಿದ್ದು ಕೂಗದವರೊಬ್ಬರ ವಿಷಯದಲ್ಲಿ. ಆ ಅಜ್ಜಿ ದಿನವಿಡೀ ಸುಮ್ಮನೆ ಮಲಗಿರುತ್ತಿದ್ದರು. "ಪಾಪ, ಒಂದು ತೊಂದರೆ ಕೊಡಲ್ಲ" ಎಂದು ನಾವೇ ಹೊಗಳಿದ್ದೆವು. ಮೂರನೇ ದಿನ ಮಗಳು ಬಂದು, "ಸಿಸ್ಟರ್, ನಮ್ಮವ್ವ ಹಿಂಗೆ ಸುಮ್ನಿರೋಳಲ್ಲ, ಅವಳ ಬಾಯಿ ಮುಚ್ಚಿಸೋಕೇ ಆಗ್ತಿರಲಿಲ್ಲ" ಅಂದರು. "ವಯಸ್ಸಾಯ್ತಲ್ಲಮ್ಮ, ಅರಳುಮರಳು" ಎಂದು ಸಮಾಧಾನ ಹೇಳಿ ಕಳಿಸಿದೆ. ಸಂಜೆ ರೌಂಡ್ಸಿನಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿದರೆ ಮೂತ್ರಕೋಶ ಹೊಕ್ಕುಳ ಹತ್ತಿರಕ್ಕೆ ಉಬ್ಬಿತ್ತು. ಹಿಂದಿನ ಎರಡು ರಾತ್ರಿ ತುರಿಕೆಗೆಂದು ಫೆನಿರಮೈನ್ ಚುಚ್ಚಿದವಳು ನಾನೇ. ಮುದುಕರಲ್ಲಿ ಆ ಔಷಧಿ ಮೂತ್ರವನ್ನೂ ಕಟ್ಟುತ್ತದೆ, ಬುದ್ಧಿಯನ್ನೂ ಮಂಕು ಮಾಡುತ್ತದೆ. ಮೂತ್ರ ತೆಗೆದು, ಇಂಜೆಕ್ಷನ್ ನಿಲ್ಲಿಸಿದ ಎರಡನೇ ದಿನ ಅಜ್ಜಿ ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ನನ್ನನ್ನು ಬೈದರು.

ಅಜ್ಜಿಗೆ ಬಂದದ್ದು ಅರಳುಮರಳಲ್ಲ, ಕೂಗಾಟವಿಲ್ಲದ ಸನ್ನಿ. ಅರಳುಮರಳು ತಿಂಗಳು, ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಸನ್ನಿ ಗಂಟೆಗಳಲ್ಲಿ ಬರುತ್ತದೆ, ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಹಾಗಾಗಿ ಮನೆಯವರ ಮಾತೇ ಮೊದಲ ಪರೀಕ್ಷೆ.

ಆಮೇಲೆ ಸನ್ನಿ ಪತ್ತೆಹಚ್ಚುವ 4ಎಟಿ ಎಂಬ ಪರೀಕ್ಷೆ ಕಲಿತೆ. ಎರಡೇ ನಿಮಿಷದ ಕೆಲಸ, ಅಂಕ 4 ಅಥವಾ ಮೇಲಾದರೆ ಡಾಕ್ಟರಿಗೆ ಹೇಳಬೇಕು. ಆದರೆ ಅದರಲ್ಲಿ ವಯಸ್ಸು, ಹುಟ್ಟಿದ ತಾರೀಖು ಕೇಳುತ್ತಾರೆ. ನಮ್ಮ ಅಜ್ಜಿಯರ ಉತ್ತರ, "ಗೌರಿ ಹಬ್ಬದ ಹಿಂದಿನ ವಾರ ಹುಟ್ಟಿದ್ದಂತೆ!" ಬುದ್ಧಿ ನೆಟ್ಟಗಿದ್ದರೂ ಅಂಕ ಏರುತ್ತದೆ. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳುವುದೂ ಶಾಲೆ ಕಾಣದವರಿಗೆ ಆಗದ ಮಾತು. ನಾನು ಶನಿವಾರದಿಂದ ಹಿಂದಕ್ಕೆ ವಾರ ಹೇಳಿಸುತ್ತೇನೆ. ಅದೂ ಆಗದಿದ್ದರೆ ಕೈ ಹಿಡಿದು, "ನಾನು 'ಅ' ಅಂದಾಗ ಮಾತ್ರ ಒತ್ತಿ" ಎಂದು ಹತ್ತು ಅಕ್ಷರ ನಿಧಾನವಾಗಿ ಹೇಳುತ್ತೇನೆ. ಐಸಿಯುನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಮಾಡುವುದನ್ನೇ ನಾನು ಕನ್ನಡಕ್ಕೆ ಒಗ್ಗಿಸಿಕೊಂಡದ್ದು. ಇದಕ್ಕೆ ಅಂಕ ಬರೆಯುವುದಿಲ್ಲ, ನನ್ನ ಅನುಮಾನ ಗಟ್ಟಿಯಾಗಲಿಕ್ಕಷ್ಟೇ. ಎರಡನೇ ಅಕ್ಷರಕ್ಕೇ ಕೈ ಸಡಿಲಿ ಕಣ್ಣು ಎತ್ತಲೋ ಹೋದರೆ ಬೇರೆ ಹೇಳಬೇಕಿಲ್ಲ.

ಸನ್ನಿ ಬಾರದಂತೆ ನೋಡಿಕೊಳ್ಳುವುದಕ್ಕೆ ಹೊಸ ಮಾತ್ರೆಯೇನಿಲ್ಲ. 1999ರಲ್ಲಿ ಅಮೆರಿಕದ ಯೇಲ್‌ನಲ್ಲಿ ಷಾರನ್ ಇನೌಯೆ ತಂಡ 70 ದಾಟಿದ 852 ರೋಗಿಗಳ ಅಧ್ಯಯನ ಪ್ರಕಟಿಸಿತು. ಮಾಮೂಲಿ ಆರೈಕೆಯಲ್ಲಿ ಶೇ. 15 ಮಂದಿಗೆ ಸನ್ನಿ ಬಂದರೆ, ವಿಶೇಷ ಆರೈಕೆಯಲ್ಲಿ ಶೇ. 9.9. ಆ ಆರೈಕೆ ಎಂದರೆ ಕನ್ನಡಕ, ಕಿವಿಯ ಯಂತ್ರ, ನೀರು, ನಿದ್ದೆ, ಬೇಗ ಎಬ್ಬಿಸಿ ನಡೆಸುವುದು, ಮಾತಾಡಿಸುವುದು. ಕಳೆದುಹೋದೀತೆಂದು ಕನ್ನಡಕವನ್ನು ಮಗನ ಬ್ಯಾಗಿಗೆ ಹಾಕಿ ಕಳಿಸುವ ನಮ್ಮ ಪದ್ಧತಿ ನೆನೆದು ನಾಚಿಕೆಯಾಯಿತು.

ಡ್ಯೂಟಿ ಬದಲಾಗುವಾಗ "ಬೆಡ್ 7, ಸುಮ್ನಿದ್ದಾರೆ" ಎಂದು ಯಾರಾದರೂ ಹೇಳಿದರೆ ಈಗ ನಾನು ಪೆನ್ನು ಕೆಳಗಿಡುತ್ತೇನೆ. "ಮನೇಲೂ ಸುಮ್ನೇ ಇರ್ತಿದ್ರಾ? ಕೇಳಿದ್ಯಾ?" ರಾತ್ರಿ ಪಾಳಿಯವರಿಗೆ ನನ್ನ ಈ ಪ್ರಶ್ನೆ ಕಂಡರಾಗುವುದಿಲ್ಲ.